ಕಹಳೆ ದನಿ ತಗ್ಗಿಸಿದ್ದು

ಗಂಟಲಿನ ಆಪರೇಷನ್ ಆದಮೇಲೆ ದೂರದವರೊಡನೆ ಹರಟಲು ಕಹಳೆ ಇಟ್ಟುಕೊಂಡಿದ್ದ ಹ್ಯಾಮ್ ರೇಡಿಯೋದಿಂದ ಹೊರಟ ಮೊದಲ ಮಾತು ಮಲಬದ್ಧತೆಯನ್ನು ಕುರಿತದ್ದು. ಸೆಟ್ಟಿಗೆ ಕಂಪ್ಯೂಟರ್ ಜೋಡಿಸಿ ಅವನು ಬಚ್ಚಲಿಗೆ ಹೋಗಿದ್ದ. ಅವನ ಸಲುವಾಗಿಯೇ ಹೆಂಡತಿ ಅದೇ ಕಂಪ್ಯೂಟರಿನಲ್ಲಿ ವೈದ್ಯರೊಬ್ಬರ ವಿಡಿಯೋ ಹಾಕಿದಳು. ಸದ್ದೆಲ್ಲ ಸ್ಪೀಕರಿನ ಬದಲು ಸೆಟ್ಟಿಗೆ ಹೋಗುತ್ತಿತ್ತು. ಸೆಟ್ಟೋ, ಸದ್ದು ಬಂದರೆ ಸಾಕು, ತಾನಾಗಿಯೇ ಪ್ರಸಾರಕ್ಕೆ ಇಳಿಯುವಂತಿತ್ತು. ಏನೂ ಕೇಳಿಸದೆ ಅವಳು ವಾಲ್ಯೂಮ್ ಏರಿಸಿದಳು. ಪಕ್ಕದ ಬೀದಿಯಲ್ಲಿ ಟಿ.ವಿ. ರಿಪೇರಿ ಮಾಡುವ ಅವಳ ತಮ್ಮ, ತನ್ನ ಹ್ಯಾಮ್ ಸೆಟ್ಟಿನಲ್ಲಿ ಅದನ್ನು ಕೇಳಿ ಎದ್ದೆನೋ ಬಿದ್ದೆನೋ ಎಂದು ಓಡಿಬಂದು ವೈರು ಕಿತ್ತ.

"ಅಕ್ಕಾ, ಭಾವನ ಹೊಟ್ಟೆ ಸಮಾಚಾರ ಸಮುದ್ರದಾಚೆಗೂ ಹೋಯ್ತು ಕಣೇ!"

ಅವಳು ನಗಲಿಲ್ಲ. ಆ ಮನೆಯಲ್ಲಿ ನಗು ನಿಂತು ತಿಂಗಳುಗಳಾಗಿದ್ದವು.

ಕಹಳೆ ಬಸ್ ನಿಲ್ದಾಣದ ಅನೌನ್ಸರ್ ಆಗಿದ್ದವನು. ಕರೆಂಟು ಹೋದರೆ ಮೈಕಿನ ಹಂಗಿಲ್ಲದೆ ಕೊನೆಯ ಪ್ಲಾಟ್‌ಫಾರಂವರೆಗೆ ಬಸ್ಸುಗಳ ಹೆಸರು ಕೂಗುತ್ತಿದ್ದ. ಡ್ರೈವರುಗಳು ಇಟ್ಟ 'ಕಹಳೆ' ಎಂಬ ಹೆಸರೇ ನಿಂತುಬಿಟ್ಟಿತು. ಮನೆಯಲ್ಲೂ ಅದೇ ದನಿ. ಉಪ್ಪು ಕೇಳಿದರೆ ಪಕ್ಕದ ಮನೆಯವರು ತಂದುಕೊಡಬೇಕು, ಹಾಗೆ. ಕೊನೆಗೆ ಗಂಟಲಲ್ಲಿ ಒಂದು ಗಂಟು ಎದ್ದಿತು. ಗಂಟಿನ ಜೊತೆ ಗಂಟಲೂ ಹೋಯಿತು. ಈಗ ಅವನು ಉಸಿರಾಡುವುದು ಕತ್ತಿನ ತೂತಿನಿಂದ. ಮಲಗಿದಾಗ ಹೆಂಡತಿ ಆ ತೂತಿನೆದುರು ಅಂಗೈ ಹಿಡಿದು, ಬಿಸಿ ತಾಕಿದ ಮೇಲೆಯೇ ತಾನು ಕಣ್ಣು ಮುಚ್ಚುವುದು. ಕತ್ತಿಗೆ ಒತ್ತಿಕೊಂಡು ಮಾತಾಡುವ ಯಂತ್ರವೊಂದನ್ನು ಆಸ್ಪತ್ರೆಯವರು ಕೊಟ್ಟಿದ್ದರು. ಅದರ ಜೀರುಂಡೆ ದನಿಗೆ ತಾನೇ ಬೆಚ್ಚಿ ಅದನ್ನು ಡ್ರಾಯರಿಗೆ ಎಸೆದಿದ್ದ. ಉಳಿದದ್ದು ಸ್ಲೇಟು. ಅದರ ಮೇಲೂ ಬಳಪ ಮುರಿಯುವಂತೆ ಒತ್ತಿ ಬರೆಯುತ್ತಿದ್ದ.

ಅವನು ಕಾದಿದ್ದು ಒಬ್ಬರಿಗೆ. ಸಮುದ್ರದಾಚೆಯ ಮೇಷ್ಟ್ರು. ಮುಖ ನೋಡಿದವರಲ್ಲ, ಫೋನ್ ನಂಬರು ಕೇಳಿಕೊಂಡವರಲ್ಲ. ವರ್ಷಗಟ್ಟಲೆ ಭಾನುವಾರ ಬೆಳಿಗ್ಗೆ ರೇಡಿಯೋದಲ್ಲಿ ಹರಟಿದವರು. ಆಪರೇಷನ್ ಸುದ್ದಿಯನ್ನು ಭಾವಮೈದನೇ ಅವರಿಗೆ ತನ್ನ ಸೆಟ್ಟಿನಿಂದ ಮುಟ್ಟಿಸಿ, "ಇನ್ಮೇಲೆ ಭಾವ ಟೈಪ್ ಮಾಡ್ತಾರೆ ಮೇಷ್ಟ್ರೇ, ನೀವೂ ಮಾಡಿ" ಎಂದಿದ್ದ. ಒಬ್ಬರು ಟೈಪ್ ಮಾಡಿದ್ದನ್ನು ಕಂಪ್ಯೂಟರು ಸಿಳ್ಳೆಯಾಗಿಸುತ್ತದೆ, ಸೆಟ್ಟು ಕಳಿಸುತ್ತದೆ, ಆಚೆಯ ಪರದೆಯ ಮೇಲೆ ಅಕ್ಷರ ಮೂಡುತ್ತದೆ.

ಮೂಡಬೇಕು. ಮೊದಲ ಭಾನುವಾರ ಮೇಷ್ಟ್ರಿಂದ ಬಂದದ್ದು: "ಓದೋಕಾಗ್ತಿಲ್ಲ. ಬರೀ ಗೊಜಲು." ಮುಂದಿನ ಭಾನುವಾರ ಕಹಳೆ ಸೆಟ್ಟಿನ ಪವರನ್ನೂ ಕಂಪ್ಯೂಟರಿನ ವಾಲ್ಯೂಮನ್ನೂ ತುದಿಗೆ ಏರಿಸಿದ. ಈ ಸಲ ಯಾರೋ ಅಪರಿಚಿತರು ಬೈದರು: "ಯಾರ್ರೀ ಅದು? ಇಡೀ ಬ್ಯಾಂಡ್ ನಿಮ್ಮಪ್ಪಂದಾ?"

ಭಾವಮೈದನಿಗೆಂದು ಸ್ಲೇಟಿನ ಮೇಲೆ ಬಳಪ ಕಿರುಗುಟ್ಟಿತು: 'ಇನ್ನೊಂದು ವಾರ. ಆಗದಿದ್ರೆ ಸೆಟ್ ನೀನೇ ತಗೊಂಡ್ಹೋಗು. ಆಂಟೆನಾನೂ ಇಳಿಸು.'

ಹೆಂಡತಿ ತಮ್ಮನನ್ನು ಅಡುಗೆಮನೆಗೆ ಎಳೆದಳು. "ಅದೂ ಹೋದ್ರೆ ಇವರು ಹಾಸಿಗೆ ಬಿಟ್ಟು ಏಳಲ್ಲ ಕಣೋ. ಊಟ ಆಗ್ಲೇ ಅರ್ಧ ಆಗಿದೆ. ಏನಾದ್ರೂ ಮಾಡು."

ಮೂರನೆಯ ಭಾನುವಾರ ಭಾವಮೈದ ಬೆಳಿಗ್ಗೆಯೇ ಬಂದು ಕೂತ. ಸದ್ದು ಕೇಳಿ ತಾನಾಗಿ ಪ್ರಸಾರಕ್ಕಿಳಿಯುವ ಚಾಳಿಯನ್ನು ಬಂದ್ ಮಾಡಿದ. ಕಂಪ್ಯೂಟರಿನ ಮಿಕ್ಕ ಸದ್ದುಗಳನ್ನು ಸ್ಪೀಕರಿಗೆ ಅಟ್ಟಿದ. ಮಾತಿಗೆ ಗತ್ತು ತುಂಬುವ ಕಂಪ್ರೆಸರ್ ಗುಂಡಿಗೆ ಕೈಹಾಕಿದಾಗ ಕಹಳೆ ಕೈ ತಡೆದ.

"ಮಾತಿಗಾದ್ರೆ ಇದು ಬೇಕು ಭಾವ. ಸಿಳ್ಳೆಗೆ ಇದು ವಿಷ. ಮುಳ್ಳು ನೋಡಿ, ಎಎಲ್‌ಸಿ ಮುಳ್ಳು. ಅದು ಅಲ್ಲಾಡಬಾರದು. ಒಳಗೆ ಬರೋ ಸದ್ದು ಅತಿಯಾದ್ರೆ ಸೆಟ್ಟು ಅದರ ಕತ್ತು ಹಿಸುಕುತ್ತೆ. ಆಗ ದಾರ ಹೋಗಬೇಕಾದ ಕಡೆ ಹಗ್ಗ ಹೋಗುತ್ತೆ, ಅಕ್ಕಪಕ್ಕದವರಿಗೆಲ್ಲ ಸುತ್ತಿಕೊಳ್ಳುತ್ತೆ. ಬಾಯಿ ಹೋದ್ಮೇಲೂ ಕಿರುಚ್ತಿದೀರಲ್ಲ ಮಾರಾಯ್ರೆ!"

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡ. ಅಕ್ಕ ದುರುಗುಟ್ಟಿದಳು. ಕಹಳೆಯ ಕತ್ತಿನ ತೂತಿನಿಂದ ಉಸಿರು ಭುಸ್ಸೆಂದು ಹೊರಟಿತು. ಏಳುತ್ತಾನೆ, ಸೆಟ್ಟು ಕಿತ್ತೆಸೆಯುತ್ತಾನೆ ಎಂದೇ ಇಬ್ಬರೂ ಅಂದುಕೊಂಡರು.

ಕಹಳೆ ಬಹಳ ಹೊತ್ತು ಆ ಮುಳ್ಳನ್ನೇ ನೋಡಿದ. ಆಮೇಲೆ ತಾನೇ ವಾಲ್ಯೂಮ್ ಇಳಿಸತೊಡಗಿದ. ಮುಳ್ಳು ಅಲ್ಲಾಡುತ್ತಲೇ ಇತ್ತು. ಇನ್ನೂ ಇಳಿಸಿದ. ಇಷ್ಟು ಮೆತ್ತಗೆ ಅವನು ಕಟ್ಟಿಕೊಂಡ ಹೆಂಡತಿಯ ಹತ್ತಿರವೂ ಮಾತಾಡಿದವನಲ್ಲ. ವಾಲ್ಯೂಮ್ ತಳಕ್ಕೆ ಇನ್ನೇನು ತಾಗಬೇಕು, ಮುಳ್ಳು ಮಲಗಿಕೊಂಡಿತು. ಪವರನ್ನೂ ಕಾಲು ಭಾಗಕ್ಕೆ ತಂದ. ನಂಬಿಕೆಯಿಲ್ಲದ ಮುಖದಲ್ಲಿ ಮೇಷ್ಟ್ರನ್ನು ಕರೆದ.

ಪರದೆ ಖಾಲಿ. ಮತ್ತೆ ಕರೆದ. ಖಾಲಿ. ಸೆಟ್ಟನ್ನು ಹೊರಲು ಭಾವಮೈದ ಚೀಲ ತಂದಿದ್ದಾನೆಯೇ ಎಂದು ಕಹಳೆಯ ಕಣ್ಣು ಹುಡುಕಿತು. ಅವನು ಚೀಲ ತಂದಿರಲಿಲ್ಲ.

ಆಗ ಒಂದೊಂದೇ ಅಕ್ಷರ ಬಂತು. ಇಂಗ್ಲಿಷ್ ಅಕ್ಷರಗಳಲ್ಲಿ ನಮ್ಮ ಮಾತು.

"ಕಹಳೆ, ಅಂತೂ ಬಂದ್ರಿ. ಪರದೆ ಮೇಲೆ ನಿಮ್ಮ ಸಿಳ್ಳೆಯ ಗೆರೆ ಕೂದಲೆಳೆ ಹಾಗಿದೆ. ಒಂದಕ್ಷರ ತಪ್ಪಿಲ್ಲ."

ಭಾವಮೈದ ಕಿಟಕಿಯ ಕಡೆ ತಿರುಗಿ ಕಣ್ಣುಜ್ಜಿಕೊಂಡ. ಪರದೆ ಮುಂದುವರಿಯಿತು.

"ಕೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡಿ. ದನಿ ಹೋದ್ಮೇಲೆ ಯಾವುದಕ್ಕೆ ಜಾಸ್ತಿ ಸಂಕಟ ಆಗುತ್ತೆ?"

ಹೆಂಡತಿ ಕುರ್ಚಿ ಎಳೆದುಕೊಂಡು ಹತ್ತಿರ ಬಂದಳು. ಇಷ್ಟು ತಿಂಗಳೂ ಇದನ್ನೇ ಕೇಳಬೇಕೆಂದು, ಕೇಳಲು ಹೆದರಿ, ಅವಳು ಹಿಂದೆಗೆದಿದ್ದಳು. ಕಹಳೆ ಬೆರಳುಗಳನ್ನು ಕೀಲಿಗಳ ಮೇಲಿಟ್ಟ. ಆಮೇಲೆ, ಮುಳ್ಳು ಅಲುಗದಂತೆ, ಅಕ್ಷರಗಳು ಹೊರಟವು.

"ಚಹಾ ಕುಡಿಯೋದಕ್ಕೆ. ಉಸಿರು ಬಾಯಿಗೆ ಬರಲ್ಲ ನೋಡಿ, ಊದಿ ಆರಿಸೋಕಾಗಲ್ಲ."