ಮಗಳು ಬೇಕೆಂದು ತಡವಾಗಿ ಕೇಳಿದ ಗಂಗಾಂಬಿಕಾ

ಗಂಗಾಂಬಿಕಾ ಬನವಾಸಿಯ ತವರಿನಲ್ಲಿ ಹೊಲಿಗೆ ಮಾಡಿಕೊಂಡಿದ್ದಳು. ಗಂಡ ವಿನೋದನಿಗೆ ಕಿರವತ್ತಿಯ ಹೆದ್ದಾರಿ ಬದಿಯಲ್ಲಿ ಧಾಬಾ. ಕುಡಿದಾಗ ಹೊಡೆಯುತ್ತಿದ್ದ. ತಾಳಲಾರದೆ ಮಗಳು ದೇವಿಯನ್ನು ಕರೆದುಕೊಂಡು ಬಂದುಬಿಟ್ಟಿದ್ದಳು.

೧೯೯೮ರ ದೀಪಾವಳಿಗೆ ವಿನೋದ ಬಂದ. “ಅವ್ವಗ ಆರಾಮಿಲ್ಲ, ಮೊಮ್ಮಗಳನ್ನ ನೋಡಬೇಕಂತಾಳ. ನಾಕು ದಿನ ಇಟ್ಕೊಂಡು ತಂದು ಬಿಡ್ತೇನಿ” ಅಂದ. ಗಂಗಾಂಬಿಕಾ ಆರು ವರ್ಷದ ದೇವಿಗೆ ಹೊಸ ಫ್ರಾಕು ತೊಡಿಸಿ ಕಳಿಸಿದಳು. ಮಗು ಮರಳಲಿಲ್ಲ. ಕಿರವತ್ತಿಗೆ ಹೋದರೆ ಅತ್ತೆ ಒಳಗೇ ಬಿಡಲಿಲ್ಲ.

ಸೋದರಮಾವ ಸಂಗಯ್ಯ ಸಮಾಧಾನ ಹೇಳಿದ. “ಕೋರ್ಟಿಗೆ ಹೋದ್ರ ಮನಿ ಮಾತು ಬೀದಿಗೆ ಬರ್ತತಿ. ಹಿರಿಯರು ಕೂಡಿ ಬಗೆಹರಸ್ತೀವಿ, ನೀ ಸುಮ್ನಿರು.”

ಹಿರಿಯರು ಕೂಡಿದರು. ವಿನೋದ ಒಮ್ಮೆ ಪರೀಕ್ಷೆ ಮುಗಿಯಲಿ ಅಂದ, ಇನ್ನೊಮ್ಮೆ ತಾಯಿ ಗುಣವಾಗಲಿ ಅಂದ. ಸಂಗಯ್ಯ ಪ್ರತಿಸಲ ನಂಬಿದ. ವಕೀಲರೆಂದರೆ ಗಂಡ ಹೆಂಡಿರನ್ನು ಬೇರೆ ಮಾಡುವವರೆಂದೇ ಗಂಗಾಂಬಿಕಾ ತಿಳಿದಿದ್ದಳು. ಅವಳೂ ಕಾದಳು. ಎರಡು ವರ್ಷ ಹೋಯಿತು.

ಒಂದು ದಿನ ತಡೆಯಲಾರದೆ ದೇವಿಯ ಶಾಲೆಗೇ ಹೋದಳು. ದೇವಿ ತಾಯಿಯನ್ನು ಕಂಡವಳೇ ಪಾಠ ಹೇಳುವ ಅಕ್ಕೋರ ಹಿಂದೆ ಅಡಗಿದಳು. ಗಂಗಾಂಬಿಕಾ ಊರಿಗೆ ಮರಳಲಿಲ್ಲ. ನೇರ ಶಿರಸಿಗೆ ಬಂದು, ಕೌಟುಂಬಿಕ ಮೊಕದ್ದಮೆ ನಡೆಸುವ ವಕೀಲೆ ಪರಿಮಳಾ ಹೆಗಡೆಯವರ ಕಚೇರಿ ಹುಡುಕಿಕೊಂಡು ಹೋದಳು.

“ಕೂತ್ಕೊಳ್ಳಿ. ಎಂತ ಆಯ್ತು?”

“ನನಗ ಸೋಡಚೀಟಿ ಬ್ಯಾಡ್ರಿ ಮೇಡಂ. ಮಗಳು ಬೇಕ್ರಿ.”

“ವಿಚ್ಛೇದನ ಕೇಳದೆಯೂ ಮಗಳನ್ನ ಕೇಳಬಹುದು.”

ಗಂಗಾಂಬಿಕಾ ಅವರ ಮುಖವನ್ನೇ ನೋಡಿದಳು. ಈ ಮಾತು ಯಾರೂ ಹೇಳಿರಲಿಲ್ಲ.

ಪರಿಮಳಾ ಎಲ್ಲವನ್ನೂ ಕೇಳಿ ತಿಳಿದುಕೊಂಡರು: ಹೊಡೆತ ಕಂಡವರು ಯಾರು, ಮಗುವನ್ನು ಅಲ್ಲಿ ನೋಡಿಕೊಳ್ಳುವವರು ಯಾರು. ಆಮೇಲೆ ಹೇಳಿದರು: “ನಿಮಗೆ ಸುಳ್ಳು ಭರವಸೆ ಕೊಡೂದಿಲ್ಲ. ಕರ್ಕೊಂಡು ಹೋದ ವಾರವೇ ಬಂದಿದ್ರೆ ಸುಲಭ ಇತ್ತು. ಈಗ ಮಗು ಅಲ್ಲಿಗೆ ಒಗ್ಗಿದೆ. ನ್ಯಾಯಾಧೀಶರು ಅದನ್ನೂ ನೋಡ್ತಾರೆ.”

“ಹಿರಿಯರು ಸುಮ್ನಿರು ಅಂದ್ರು, ಇದ್ನಿರಿ” ಅಂದಳು ಗಂಗಾಂಬಿಕಾ.

ಪರಿಮಳಾ ಕಳಿಸಿದ ನೋಟೀಸಿಗೆ ವಿನೋದ ಉತ್ತರ ಕೊಡಲಿಲ್ಲ. ಮಗಳಿಗಾಗಿ ಹೂಡಿದ ಮೊಕದ್ದಮೆ ಎಳೆಯಿತು. ಕೊನೆಗೆ ನ್ಯಾಯಾಧೀಶರು ದೇವಿಯನ್ನು ಒಳಗೆ ಕರೆದು ಮಾತಾಡಿಸಿದರು. ಅಜ್ಜಿಯ ಹತ್ತಿರ ಇರುತ್ತೇನೆ ಅಂದಳಂತೆ ಹುಡುಗಿ. ಸದ್ಯಕ್ಕೆ ಶಾಲೆಯ ದಿನಗಳಲ್ಲಿ ಅಲ್ಲಿ, ರಜೆಯಲ್ಲಿ ತಾಯಿಯ ಬಳಿ ಎಂದು ಆದೇಶವಾಯಿತು. ರಜೆಯನ್ನಾದರೂ ಪರಿಮಳಾ ಪಟ್ಟು ಹಿಡಿದು ವಾದಿಸಿಯೇ ಪಡೆದಿದ್ದರು. “ಇಷ್ಟಕ್ಕೇ ಮುಗಿಲಿಲ್ಲ, ಮಗು ನಿಮಗೆ ಒಗ್ಗಲಿ, ಮತ್ತೆ ಕೇಳೋಣ” ಅಂದರು.

ಬೇಸಿಗೆಗೆ ದೇವಿ ಬಂದಳು. ಮೊದಮೊದಲು ಮಾತೇ ಇಲ್ಲ. ಒಂದು ಮಧ್ಯಾಹ್ನ ತಾಯಿ ಜಡೆ ಹಾಕುತ್ತಿದ್ದಾಗ ಇದ್ದಕ್ಕಿದ್ದಂತೆ ಕೇಳಿದಳು:

“ನನ್ನ ಕರಕೊಂಡು ಹೋಗಾಕ ಯಾಕ ಬರಲಿಲ್ಲ ನೀ?”

ಗಂಗಾಂಬಿಕಾಳ ಕೈ ನಿಂತಿತು. “ಯಾರನ್ನ ಕೇಳಬೇಕಂತ ಗೊತ್ತಾಗ್ಲಿಲ್ಲವ್ವಾ” ಅಂದಳು.

ದೇವಿ ಎದ್ದು ಹೋಗಲಿಲ್ಲ. ಜಡೆ ಮುಗಿಯುವವರೆಗೆ ಕೂತೇ ಇದ್ದಳು.

ಜೂನ್‌ನಲ್ಲಿ ಬಸ್ಸು ಹತ್ತುವಾಗ “ದಸರಾಕ್ಕ ಬರ್ತೇನಿ” ಅಂದಳು. ಅವ್ವಾ ಎಂದು ಮಾತ್ರ ಇನ್ನೂ ಕರೆದಿರಲಿಲ್ಲ.