ಉಣ್ಣಲೊಲ್ಲದ ಮರಿಗಳು ಮತ್ತು ಕೋಳಿ ಡಾಕ್ಟರು

ಕೋಳಿ ಡಾಕ್ಟರ ಬಿಳಿ ಹುಬ್ಬಿನಲ್ಲಿ ಸದಾ ಭತ್ತದ ಹೊಟ್ಟಿನ ಒಂದೆರಡು ಚೂರು ಸಿಕ್ಕಿಕೊಂಡಿರುತ್ತಿದ್ದವು. ಶೆಡ್ಡಿಗೆ ಬಂದರೆ ಅವರು ನಿಂತು ನೋಡುವವರಲ್ಲ. ಚಪ್ಪಲಿ ಹೊರಗೆ ಬಿಟ್ಟು, ನೆಲಕ್ಕೆ ಹರಡಿದ ಹೊಟ್ಟಿನ ಮೇಲೆ ಮಗ್ಗುಲಾಗಿ ಮಲಗಿಬಿಡುತ್ತಿದ್ದರು. ಮರಿಯ ಕಣ್ಣಿನ ಎತ್ತರದಿಂದ ನೋಡಿದರೇ ಮರಿಯ ಕಷ್ಟ ತಿಳಿಯುವುದು ಎಂಬುದು ಅವರ ನಂಬಿಕೆ. "ಏನ್ರಿ ಯಜಮಾನ್ರ, ಊಟ ಆತೇನ್ರಿ?" ಎಂದು ಅಂಗೈಯಷ್ಟೂ ಇಲ್ಲದ ಮರಿಯನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದರು.

ಅವರು ಪಶುವೈದ್ಯರಾಗಿ ನಿವೃತ್ತರಾಗಿ ಗಂಗಾವತಿಯಲ್ಲಿ ನೆಲೆಸಿದ್ದರು. ಹತ್ತಿರದ ಮರಳಿ ಗ್ರಾಮದಲ್ಲಿ ನಾವು ಗದ್ದೆಯ ಬದಿಗೆ ಕೋಳಿಶೆಡ್ಡು ಹಾಕಿದ ಮೇಲೆ, ಕರೆದಾಗಲೆಲ್ಲ ಹಳೆಯ ಸ್ಕೂಟರಿನಲ್ಲಿ ಬರುತ್ತಿದ್ದರು. "ಸಾಕಿದ ಕೋಳಿ ತಿನ್ನಾಕ ಮನಸ್ಸು ಬರತೈತೇನ್ರಿ ನಿಮಗ?" ಎಂದು ನನ್ನ ಗಂಡ ಒಮ್ಮೆ ಕೇಳಿದ್ದಕ್ಕೆ, "ಸಾಕಿದಾಂವ ನೀನು. ತಿನ್ನಾಕ ನನಗೇನು ಅಡ್ಡಿ?" ಎಂದಿದ್ದರು.

ಮದುವೆಯಾಗಿ ಬಂದ ಎರಡನೆಯ ವರ್ಷ ನನ್ನ ಮೊದಲ ಬಸಿರು ನಿಲ್ಲಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ನನಗೆ ಅನ್ನ ಸೇರದಾಯಿತು. ಅತ್ತೆ ಕೆಟ್ಟವಳಲ್ಲ, ಮತ್ತೆ ಮತ್ತೆ ತಟ್ಟೆ ಹಿಡಿದು ಬರುತ್ತಿದ್ದಳು. "ಒಂದು ತುತ್ತರ ತಿನ್ನವಾ, ಮೈಯಾಗ ರಗತ ಇಲ್ಲ." ಕನಕಗಿರಿಯಿಂದ ಬಂದ ತವರಿನವರು ಸುತ್ತ ಕುಳಿತು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಅವರು ನೋಡಿದಷ್ಟೂ ನಾನು ತಟ್ಟೆಯನ್ನು ದೂರ ಸರಿಸುತ್ತಿದ್ದೆ.

ಅದೇ ವಾರ ಹೊಸ ಮರಿಗಳು ಬಂದವು. ದಾರಿಯಲ್ಲಿ ಗಾಡಿ ಕೆಟ್ಟು ಬಿಸಿಲಲ್ಲಿ ನಿಂತಿತ್ತಂತೆ. ಶೆಡ್ಡಿಗೆ ಬಿಟ್ಟರೆ ಒಂದೂ ಕಾಳಿಗೆ ಬಾಯಿ ಹಾಕಲಿಲ್ಲ. ಮೂಲೆಯಲ್ಲಿ ಒಂದರ ಮೇಲೊಂದು ಒತ್ತಿಕೊಂಡು ಚೀರುತ್ತಿದ್ದವು. ರೋಗವೇ ಇರಬೇಕೆಂದು ಗಂಡ ಹೆದರಿ ಡಾಕ್ಟರನ್ನು ಕರೆಸಿದ. ಅತ್ತೆಯ ತಟ್ಟೆಯಿಂದ ತಪ್ಪಿಸಿಕೊಳ್ಳಲು ನಾನೂ ಶೆಡ್ಡಿಗೆ ಹೋಗಿ ಕುಳಿತಿದ್ದೆ.

ಡಾಕ್ಟರು ಸ್ವಲ್ಪ ಹೊತ್ತು ಮಲಗಿ ನೋಡಿದರು. ನೋಡಲು ಬಂದಿದ್ದ ಅಕ್ಕಪಕ್ಕದವರನ್ನೆಲ್ಲ ಹೊರಗೆ ಕಳಿಸಿದರು. ಗಾಳಿ ಬೀಸುವ ಕಡೆ ಗೋಣಿಚೀಲ ಕಟ್ಟಿಸಿ, ಹಳೆಯ ಪೇಪರು ಹಾಸಿ, ಅದರ ಮೇಲೆ ನುಚ್ಚು ಚೆಲ್ಲಿ ಉಗುರಿನಿಂದ ಟಕಟಕ ಬಡಿಯತೊಡಗಿದರು. ತಾಯಿಕೋಳಿ ಕೊಕ್ಕಿನಿಂದ ಕುಟುಕುವ ಸದ್ದು ಹಾಗೇ ಇರುತ್ತದಂತೆ.

"ಹೊಟ್ಟಿ ಖಾಲಿ ಐತಿ. ಅಂದ ಮ್ಯಾಲೆ ತಿನ್ನಬೇಕಲ್ರಿ?" ಎಂದೆ.

"ನಾವೂ ಹಂಗ ಅಂದ್ಕೊಂಡಿದ್ವಿ ಯವ್ವಾ. ಮನುಷ್ಯಾರ ಹೊಟ್ಟಿ ಖಾಲಿ ಆದ್ರ ಗ್ರೆಲಿನ್ ಅಂತ ಒಂದು ಹಾರ್ಮೋನು ಏರತೈತಿ. ತಲಿಗೆ ಹೋಗಿ 'ಉಣ್ಣು' ಅಂತ ಹೇಳತೈತಿ. ನೌಕರಿ ನಡುವ ಮತ್ತ ಓದಾಕ ಹೋಗಿದ್ನಲ್ಲ, ಅವಾಗ ಅದನ್ನ ಮರಿ ತಲಿಗೆ ಚುಚ್ಚಿ ನೋಡಿದ್ವಿ. ಮರಿಗೆ ಉಲ್ಟಾ ಆಗತೈತಿ ಅಂತ ಪುಸ್ತಕದಾಗ ಬರೆದಿದ್ರು, ನಾ ನಂಬಿರಲಿಲ್ಲ. ಮರಿ ಮುಂದಿದ್ದ ಕಾಳು ಮುಟ್ಟಲಿಲ್ಲ. ಚೀರಿಕೋತ ಅತ್ತಿತ್ತ ಓಡ್ಯಾಡ್ತು."

"ಯಾಕ್ರಿ?"

"ನಮಗ ಹಸಿವು ತರೋದು ಮರಿ ತಲ್ಯಾಗ ಅಂಜಿಕೀನ ಎಬ್ಬಸತೈತಿ. ಅಂಜಿಕಿ ಎದ್ದಾಗ ಹಸಿವು ಮಲಗತೈತಿ." ಆಮೇಲೆ, ನನ್ನ ಕಡೆ ನೋಡದೆ ಹೇಳಿದರು: "ಹೊಟ್ಟಿ ಹೇಳೋದು ಒಂದು, ತಲಿ ಕೇಳೋದು ಒಂದು. ಅದಕ್ಕ ಮರಿ ಮ್ಯಾಲೆ ಸಿಟ್ಟಾಗಬಾರದು."

ಬಹಳ ಹೊತ್ತಿನ ಮೇಲೆ ಒಂದು ಮರಿ ಬಂದು ಅವರ ಬೆರಳಿನ ಪಕ್ಕ ಕುಟುಕಿತು. ಅದನ್ನು ನೋಡಿ ಇನ್ನೊಂದು. ಸಂಜೆಯ ಹೊತ್ತಿಗೆ ಪೇಪರಿನ ತುಂಬ ಟಕಟಕ ಸದ್ದು. ಮೂಲೆಯಲ್ಲಿದ್ದ ಕೆಲವು ಮಾತ್ರ ಏಳಲೇ ಇಲ್ಲ.

ಹೊರಡುವಾಗ ಅಂಗಳದಲ್ಲಿ ಅತ್ತೆ ತಟ್ಟೆ ಹಿಡಿದು ನಿಂತಿದ್ದಳು. ನನ್ನ ವಿಷಯ ಗಂಡನಿಂದ ಕೇಳಿ ತಿಳಿದಿದ್ದ ಡಾಕ್ಟರು ಅವಳ ಮುಂದೆ ನಿಂತರು. "ಅಕ್ಕಾರ, ಆಸ್ಪತ್ರ್ಯಾಗ ಕೊಟ್ಟ ಗುಳಿಗಿ ಬಿಡಿಸಬ್ಯಾಡ್ರಿ, ನಾನು ದನದ ಡಾಕ್ಟರ. ಆದ್ರ ಆಕಿಗೆ 'ತಿನ್ನು' ಅನ್ನಬ್ಯಾಡ್ರಿ. ಆಕಿ ಬಾಯಿ ನೋಡಬ್ಯಾಡ್ರಿ. ಮಗ್ಗಲಕ್ಕ ಕುಂತು ನೀವು ಉಣ್ರಿ."

"ಆಕಿ ಉಪವಾಸ ಇರ್ವಾಗ ನಾ ಹ್ಯಾಂಗ ಉಣ್ಲಿ ಸಾಹೇಬ್ರ?"

"ಅದ ಕಷ್ಟದ್ದು. ಆದ್ರೂ ಮಾಡ್ರಿ."

ಅತ್ತೆ ಮಾಡಿದಳು. ನನ್ನ ಹಾಸಿಗೆಯ ಪಕ್ಕ ಕುಳಿತು, ಗೋಡೆ ನೋಡುತ್ತ ರೊಟ್ಟಿ ಮುರಿದಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಬಾಯಿ ಆಡುತ್ತಿತ್ತು. ನಾನು ಆಚೆ ಹೊರಳಿದೆ. ಮರುದಿನವೂ ಬಂದಳು, ಪಕ್ಕದ ಮನೆಯ ಎಮ್ಮೆ ಹಾಲು ಬತ್ತಿಸಿಕೊಂಡ ಸುದ್ದಿ ಹೇಳುತ್ತ ಉಂಡಳು. ಹೀಗೇ ಒಂದು ಮಧ್ಯಾಹ್ನ ಆ ಮಾತು ಈ ಮಾತು ಕೇಳುತ್ತ ನನ್ನ ಕೈ ತಾನಾಗಿ ಅವಳ ತಟ್ಟೆಗೆ ಹೋಗಿ ರೊಟ್ಟಿಯ ಚೂರು ಮುರಿಯಿತು. ಅತ್ತೆ ನನ್ನ ಕಡೆ ತಿರುಗಲಿಲ್ಲ. ಪುಂಡಿಪಲ್ಯವನ್ನು ಮೆಲ್ಲಗೆ ನನ್ನ ಕಡೆ ಸರಿಸಿ ಎಮ್ಮೆಯ ಮಾತು ಮುಂದುವರಿಸಿದಳು.

ಹೋದ ಮಳೆಗಾಲದಲ್ಲಿ ಡಾಕ್ಟರು ತೀರಿಕೊಂಡರು. ಗಂಗಾವತಿಯ ಅವರ ಮನೆಗೆ ಹೋದಾಗ ಅವರ ಹೆಂಡತಿ ಒಳಗೆ ಒಬ್ಬರೇ ಕುಳಿತಿದ್ದರು. ನನಗೆ ಬೇರೆ ಮಾತು ತೋಚದೆ, ಡಾಕ್ಟರು ಅಂದು ಅತ್ತೆಗೆ ಹೇಳಿದ್ದನ್ನು ಹೇಳಿದೆ. ಮರಿಗಳನ್ನು ನೋಡಿ ನೋಡಿ ಅವರಿಗೆ ಮನುಷ್ಯರ ಹಸಿವೂ ತಿಳಿದಿತ್ತು ಎಂದೆ.

ಆ ತಾಯಿ ಸೆರಗಿನಿಂದ ಮುಖ ಒರೆಸಿಕೊಂಡರು.

"ಮರಿ ನೋಡಿ ಅಲ್ಲ ಯವ್ವಾ. ನಮಗೂ ಒಂದು ಕೂಸು ಇತ್ತು. ಅದು ಹೋದಾಗ ಇವರು ಉಣ್ಣೋದು ಬಿಟ್ಟಿದ್ರು. ನಾ ಮಗ್ಗಲಕ್ಕ ಕುಂತು ಉಣ್ತಿದ್ದೆ."