ಉಜ್ಜದೆ ಬಳಿದ ಬಿಳಿ

ಅಮೆರಿಕದ ಫ್ಲಿಂಟ್ ಊರಿನ ಉತ್ತರ ಭಾಗದಲ್ಲಿ ಗಿಟಾರಿಗೆ ಬಣ್ಣ ಹಾಕಿಸಬೇಕೆಂದರೆ ಯಾರೂ ಎರಡು ಹೆಸರು ಹೇಳುವುದಿಲ್ಲ. ಓಜೆಲ್ಲಾ ಬ್ರಾಡಕ್‌ಳ ಗ್ಯಾರೇಜಿಗೆ ಹೋಗಿ ಎನ್ನುತ್ತಾರೆ. ಬೈಸಿಕೊಳ್ಳಲು ತಯಾರಾಗಿ ಹೋಗಿ ಎಂದೂ ಸೇರಿಸುತ್ತಾರೆ. ಎರಡೂ ಒಳ್ಳೆಯ ಸಲಹೆಯೇ. ಯಾರಾದರೂ ಫೋನಿನಲ್ಲಿ ಚಿತ್ರ ತೋರಿಸಿ, "ಇದರ ಕೆಳಗೆ ಯಾವ ಬಣ್ಣ ಇರಬಹುದು?" ಎಂದು ಕೇಳಿದರೆ ಓಜೆಲ್ಲಾ ಫೋನನ್ನು ಕಣ್ಣೆತ್ತಿಯೂ ನೋಡುವುದಿಲ್ಲ. "ಮುಟ್ದೆ ಹೇಳೋಕೆ ನಾನೇನು ಕಣಿ ಹೇಳೋಳಾ? ಗಿಟಾರ್ ತಗೊಂಡ್ ಬಾ," ಎನ್ನುತ್ತಾಳೆ. ಮುಟ್ಟಿದಳೆಂದರೆ ಮಾತ್ರ ತಪ್ಪುವುದಿಲ್ಲ.

ಅವಳ ಅಪ್ಪ ಎಮೆಟ್, ಗುದ್ದಿಸಿಕೊಂಡು ಬಂದ ಕಾರುಗಳನ್ನು ತಟ್ಟಿ ನೇರ ಮಾಡಿ ಬಣ್ಣ ಹೊಡೆಯುತ್ತಿದ್ದವನು. ಅವಳೂ ತಮ್ಮ ಥರ್ಮನ್ನನೂ ಅವನ ಶೆಡ್ಡಿನ ಧೂಳಿನಲ್ಲೇ ಬೆಳೆದರು. ಹಳೆಯ ಬಣ್ಣದ ಹೊಳಪನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆಯದಿದ್ದರೆ ಹೊಸ ಬಣ್ಣ ಅದರ ಮೇಲೆ ಕಚ್ಚಿಕೊಳ್ಳುವುದಿಲ್ಲ, ಒಂದಲ್ಲ ಒಂದು ದಿನ ಎದ್ದು ಬರುತ್ತದೆ. "ಉಜ್ಜದೆ ಬಳಿದವರು ನನ್ನ ಮಕ್ಕಳೇ ಅಲ್ಲ," ಎಂದು ಎಮೆಟ್ ಗುಡುಗುತ್ತಿದ್ದ. ಮಕ್ಕಳಿಬ್ಬರೂ ಮೊದಲು ಕಲಿತದ್ದು ಉಜ್ಜುವುದನ್ನೇ.

ಓಜೆಲ್ಲಾ ಬಣ್ಣ ಹಾಕಿದ ಮೊದಲ ಗಿಟಾರ್ ಥರ್ಮನ್ನನದು. ಕಾರಿನ ಕೆಂಪು, ಪದರದ ಮೇಲೆ ಪದರ ಹೊಡೆದು, ಮುಖ ಕಾಣುವಷ್ಟು ಹೊಳಪು ತಂದಿದ್ದಳು. ಅಂಥದ್ದು ಮತ್ತೆ ತನ್ನ ಕೈಯಿಂದ ಬಂದಿಲ್ಲ ಎಂದು ಅವಳೇ ಹೇಳುತ್ತಾಳೆ, ಹಾಗೆಲ್ಲ ಸುಲಭಕ್ಕೆ ಒಪ್ಪಿಕೊಳ್ಳುವ ಹೆಂಗಸಲ್ಲ ಅವಳು. ಆ ಗಿಟಾರನ್ನು ಥರ್ಮನ್ ಚರ್ಚಿನಲ್ಲಿ ನುಡಿಸಿದ. ಆಗಿನ ಪಾಸ್ಟರು, ಹೆಂಡದಂಗಡಿಯ ಬಣ್ಣ ದೇವರ ಮನೆಗೆ ಬೇಡ ಎಂದರು. ಮುಂದಿನ ಭಾನುವಾರ ಗಿಟಾರ್ ಬಿಳಿಯಾಗಿತ್ತು. ಅದೂ ಗೋಡೆಗೆ ಬಳಿಯುವ ಬಿಳಿ, ಕುಂಚದ ಗೆರೆಗಳು ದೂರಕ್ಕೇ ಕಾಣುತ್ತಿದ್ದವು. ಹಿಂದಿನ ಬೆಂಚಿನಲ್ಲಿದ್ದ ಓಜೆಲ್ಲಾ ಟೋಪಿ ಎತ್ತಿಕೊಂಡು ಹಾಡಿನ ಮಧ್ಯದಲ್ಲೇ ಹೊರನಡೆದಳು. ಆಮೇಲೆ ಬೇರೆ ಚರ್ಚಿಗೆ ಹೋಗತೊಡಗಿದಳು. ಹಬ್ಬಕ್ಕೆ ಅಕ್ಕ ತಮ್ಮ ಒಂದೇ ಮೇಜಿನಲ್ಲಿ ಕೂತು ಗೆಣಸಿನ ಪೈ ತಿನ್ನುತ್ತಿದ್ದರು, ಗಿಟಾರಿನ ಮಾತು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ. ಬಿಳಿ ಬಳಿದದ್ದನ್ನು ಅವಳು ಕ್ಷಮಿಸಿಯಾಳು. ಆದರೆ ಅದಕ್ಕೂ ಮುಂಚೆ ತಮ್ಮ ಉಪ್ಪುಕಾಗದ ಹಿಡಿದು ಕೂತು ತನ್ನ ಕೆಂಪನ್ನು ಕೈಯಾರೆ ಉಜ್ಜಿ ಹಾಕಿರಬೇಕಲ್ಲ, ಅದು ಅವಳ ಎದೆಯಲ್ಲಿ ಮುಳ್ಳಿನಂತೆ ಉಳಿದುಬಿಟ್ಟಿತ್ತು.

ಈ ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಥರ್ಮನ್ ಅದೇ ಗಿಟಾರ್ ಹಿಡಿದು ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದ. ತಲೆ ಪೂರ್ತಿ ನರೆತಿತ್ತು.

"ಏನಪ್ಪಾ, ದೊಡ್ಡ ಮನುಷ್ಯ! ದಾರಿ ತಪ್ತಾ?"

"ತಪ್ಪಿಲ್ಲಕ್ಕಾ. ಚರ್ಚಿನ ವಾರ್ಷಿಕೋತ್ಸವ ಹತ್ರ ಬಂತು. ಈ ಬಿಳೀನ ಕಿತ್ತು ಹೊಸದು ಮಾಡ್ಕೊಡು."

"ಯಾವ ಬಣ್ಣ?"

"ನಿನ್ನಿಷ್ಟ. ಈಗಿನ ಪಾಸ್ಟರಮ್ಮ ಕೆಂಪು ಬೂಟು ಹಾಕ್ಕೊಂಡೇ ಬೋಧನೆ ಮಾಡ್ತಾರೆ."

"ಆವತ್ತು ಕೇಳ್ದೆ ಬಳಿದೋನು ಇವತ್ತು ನನ್ನಿಷ್ಟ ಕೇಳ್ತಾನೆ! ಗೋಡೆ ಬಣ್ಣ ಬಳಿದ್ಯಲ್ಲೋ, ಮಿಕ್ಕಿದ್ದನ್ನ ಬೇಲಿಗೂ ಬಳಿದ್ಯಾ?"

"ಬೇಲಿಗೂ ಬಳಿದೆ," ಎಂದ ಥರ್ಮನ್.

ಓಜೆಲ್ಲಾಳಿಗೆ ನಗು ಬಂತು, ನುಂಗಿಕೊಂಡಳು. ಅವನು ಬಕೆಟ್ ಬೋರಲು ಹಾಕಿ ಕೂತ. ಅವಳು ಗಿಟಾರಿನ ತಂತಿ ಬಿಚ್ಚಿದಳು, ಕತ್ತು ಕಳಚಿದಳು, ವೈರುಗಳನ್ನು ಹೊರತೆಗೆದಳು. ಬರೀ ಮೈ ಮೇಜಿನ ಮೇಲೆ ಉಳಿಯಿತು. ಬಣ್ಣ ಕೀಳುವ ದ್ರಾವಣದ ಡಬ್ಬಿ ತೆರೆದು ಕುಂಚ ಅದ್ದಿದಳು. ಆ ದ್ರಾವಣಕ್ಕೆ ಮೇಲಿನ ಬಣ್ಣ ಕೆಳಗಿನ ಬಣ್ಣ ಎಂಬ ಭೇದವಿಲ್ಲ, ಮರ ಸಿಗುವ ತನಕ ಎಲ್ಲವನ್ನೂ ತಿನ್ನುತ್ತದೆ. ತಿನ್ನಲಿ, ಅಡಿಯಲ್ಲಿ ಇನ್ನೇನು ಉಳಿದಿದೆ ಎಂದುಕೊಂಡಳು.

ಆದರೂ ಕೈಯ ಅಭ್ಯಾಸ ಬಿಡಬೇಕಲ್ಲ. ಹೆಗಲಪಟ್ಟಿ ಸಿಕ್ಕಿಸುವ ಗುಂಡಿಯ ಹತ್ತಿರ ಬಿಳಿ ತುಸು ಎದ್ದಿತ್ತು. ಅಲ್ಲಿ ಉಗುರು ಹಾಕಿ ಎಳೆದಳು. ಅಂಗೈಯಗಲದ ಹಾಳೆ ಬೆಳ್ಳುಳ್ಳಿ ಸಿಪ್ಪೆಯ ಹಾಗೆ ಸಲೀಸಾಗಿ ಬಂತು.

ಕೆಳಗೆ ಕೆಂಪು. ಉಪ್ಪುಕಾಗದದ ಒಂದು ಗೀರೂ ಇರಲಿಲ್ಲ. ಅದರಲ್ಲಿ ಅವಳ ಮುಖ ಕಾಣಿಸಿತು.

ಕುಂಚ ಕೆಳಗಿಟ್ಟು ಡಬ್ಬಿಯ ಮುಚ್ಚಳ ಒತ್ತಿದಳು. ಮೈಯನ್ನು ಮಗುಚಿ ಬೆನ್ನಿನ ಕಡೆಯೂ ಎಳೆದು ನೋಡಿದಳು. ಅಲ್ಲೂ ಹಾಗೇ ಇತ್ತು.

"ಉಜ್ಜೇ ಇಲ್ಲ ನೀನು," ಎಂದಳು.

ಥರ್ಮನ್ ತನ್ನ ಬೂಟುಗಳನ್ನು ನೋಡುತ್ತ ಕೂತಿದ್ದ.

"ಎಮೆಟ್ ಬ್ರಾಡಕ್ ಮಗ ಉಜ್ಜೋದನ್ನ ಮರೆತ್ನಾ?"

"ಮರೆತಿಲ್ಲ. ಉಪ್ಪುಕಾಗದ ಕೈಲೇ ಇತ್ತು. ಮನಸ್ಸು ಬರ್ಲಿಲ್ಲಕ್ಕಾ. ಎಂದಾದ್ರೂ ತಾನೇ ಎದ್ದು ಬರ್ಲಿ ಅಂತ ಹಾಗೇ ಬಳಿದೆ."

"ಹೇಳೋಕೆ ಬಾಯಿರ್ಲಿಲ್ವೇನೋ ನಿಂಗೆ!"

"ನೀನು ಮುಟ್ಟಿದ್ರೆ ಸಾಕು, ತಾನೇ ಗೊತ್ತಾಗತ್ತೆ ಅಂದ್ಕೊಂಡೆ. ಆವತ್ತು ಹಾಡು ಮುಗಿದ್ಮೇಲೆ ನಿನ್ ಕೈಗೇ ಕೊಡೋಣ ಅಂತಿದ್ದೆ. ತಲೆ ಎತ್ತಿ ನೋಡ್ತೀನಿ, ಬೆಂಚು ಖಾಲಿ."

ಊರಿಗೆಲ್ಲ ಮುಟ್ಟಿ ಹೇಳುವ ಓಜೆಲ್ಲಾ, ತಮ್ಮನ ಗಿಟಾರಿಗೆ ಹಿಂದಿನ ಬೆಂಚಿನಿಂದಲೇ ತೀರ್ಪು ಕೊಟ್ಟು ಎದ್ದು ಬಂದಿದ್ದಳು. ಕಣ್ಣು ತುಂಬಿತು. ಅದನ್ನು ತೋಳಿನಿಂದ ಒರೆಸಿಕೊಂಡು ಇನ್ನೊಂದು ಬಕೆಟ್ಟನ್ನು ಕಾಲಿನಿಂದ ಮೇಜಿನ ಬಳಿಗೆ ತಳ್ಳಿದಳು.

"ಬಾ, ಆ ಕಡೆಯಿಂದ ನೀನು ಕೀಳು. ಉಗುರಲ್ಲೇ ಕೀಳ್ಬೇಕು. ಚಾಕು ಗೀಕು ಮುಟ್ಟಿದ್ಯೋ, ಕೈ ಮುರೀತೀನಿ."

ಇಬ್ಬರೂ ತಲೆಗೆ ತಲೆ ತಾಗಿಸಿಕೊಂಡು ಕೀಳುತ್ತ ಕೂತರು. ಬಿಳಿ ಹಾಳೆಗಳು ಅವರ ಕಾಲ ಬಳಿ ಬೀಳುತ್ತಿದ್ದವು.

"ಭಾನುವಾರ ಚರ್ಚಿಗೆ ಬರ್ತೀಯೇನಕ್ಕಾ?" ಎಂದು ಥರ್ಮನ್ ಮೆಲ್ಲಗೆ ಕೇಳಿದ.

"ಬರ್ದೆ ಇರ್ತೀನಾ?" ಎಂದಳು ಓಜೆಲ್ಲಾ. "ಈ ಸಲ ಮುಂದಿನ ಬೆಂಚಲ್ಲೇ ಕೂರ್ತೀನಿ. ಗಿಟಾರ್ ಕೈಗೆ ಸಿಗೋ ಹಾಗೆ."